ರೇಷ್ಮೆ ದಾರದ ಎರಡು ಗಂಟು

ಹದಿನಾಲ್ಕು ವರ್ಷಗಳ ಹಿಂದೆ, ಎಂಬಿಬಿಎಸ್ ಎರಡನೆಯ ವರ್ಷದವರಿಗೆ ಕಾಲರಾ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಮೇಡಂ, ಈ ಟಾಕ್ಸಿನ್ ಕಂಡುಹಿಡಿದವರು ಯಾರು?” ಎಂದು ಕೇಳಿದ. ನಾನು ಕ್ಷಣವೂ ಯೋಚಿಸದೆ “ರಾಬರ್ಟ್ ಕಾಕ್” ಎಂದು ಹೇಳಿ ಪಾಠ ಮುಂದುವರಿಸಿದೆ. ಆ ಉತ್ತರ ತಪ್ಪು. ಕಾಕ್ ಅವರು 1884ರಲ್ಲಿ ಕಲ್ಕತ್ತಾದಲ್ಲಿ ಬೇರ್ಪಡಿಸಿ ತೋರಿಸಿದ್ದು ಕಾಲರಾದ ಬ್ಯಾಕ್ಟೀರಿಯಾವನ್ನು. ಅದು ಒಂದು ವಿಷವನ್ನು ಹೊರಬಿಡುತ್ತಿರಬೇಕು ಎಂದು ಅವರು ಊಹಿಸಿದ್ದು ನಿಜ, ಆದರೆ ಆ ವಿಷವನ್ನು ಪ್ರಯೋಗದಿಂದ ತೋರಿಸಿಕೊಟ್ಟವರು ಅದಾಗಿ 75 ವರ್ಷಗಳ ಮೇಲೆ, ಅದೇ ಕಲ್ಕತ್ತಾದಲ್ಲಿ ಪೆಥಾಲಜಿ, ಅಂದರೆ ರೋಗಶಾಸ್ತ್ರದ ಪಾಠ ಹೇಳುತ್ತಿದ್ದ ಶಂಭುನಾಥ ಡೇ. ನಾನು ಓದಿದ ಪಠ್ಯಪುಸ್ತಕದಲ್ಲಿ ಅವರ ಹೆಸರಿರಲಿಲ್ಲ, ನನಗೆ ಪಾಠ ಹೇಳಿದವರ ಬಾಯಲ್ಲೂ ಅದನ್ನು ಕೇಳಿದ ನೆನಪಿಲ್ಲ. ಹಾಗೆಂದು ನನ್ನ ತಪ್ಪು ಹಗುರವಾಗುವುದಿಲ್ಲ. ವರ್ಷ ವರ್ಷವೂ ಅದೇ ವಿಷಯವನ್ನು ಕಲಿಸುತ್ತಿದ್ದವಳು ಒಮ್ಮೆಯಾದರೂ ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳಬೇಕಿತ್ತು.

ತರಗತಿ ಮುಗಿದ ಮೇಲೂ ಆ ಹುಡುಗನ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ. ಅದೇ ವಾರ ಗ್ರಂಥಾಲಯದಲ್ಲಿ, ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯ ಹಳೆಯ ಸಂಪುಟಗಳನ್ನು ತಿರುವುತ್ತಿದ್ದಾಗ, 1990ರಲ್ಲಿ ಡೇ ಅವರಿಗಾಗಿಯೇ ಹೊರತಂದ ವಿಶೇಷ ಸಂಚಿಕೆ ಸಿಕ್ಕಿತು. ಕಪಾಟಿನ ಪಕ್ಕದಲ್ಲೇ ನಿಂತು ಓದತೊಡಗಿದವಳು ಬಾಗಿಲು ಮುಚ್ಚುವ ಹೊತ್ತಾಯಿತೆಂದು ಅಟೆಂಡರ್ ಬಂದು ಹೇಳುವವರೆಗೂ ಕದಲಲಿಲ್ಲ. ಮಾರನೆಯ ದಿನ ತರಗತಿಗೆ ಹೋಗಿ, ಹಿಂದಿನ ತರಗತಿಯಲ್ಲಿ ನಾನು ಹೇಳಿದ್ದು ತಪ್ಪೆಂದು ಒಪ್ಪಿಕೊಂಡು, ಪಾಠವನ್ನು ಮೊದಲಿನಿಂದ ಮಾಡಿದೆ. ಈ ಬರಹವೂ ಆ ತಿದ್ದುಪಡಿಯ ಮುಂದುವರಿಕೆಯೇ.

ಕಾಲರಾ ಎಂದರೇನು ಎಂಬುದನ್ನು ನಾನು ಮೊದಲು ಕಲಿತದ್ದು ಪುಸ್ತಕದಿಂದಲ್ಲ. ಇಂಟರ್ನ್ ಆಗಿ ತಾಲ್ಲೂಕು ಆಸ್ಪತ್ರೆಯೊಂದರಲ್ಲಿದ್ದಾಗ, ಬೇಸಿಗೆಯ ಕೊನೆಯ ವಾರದಲ್ಲಿ, ನಲವತ್ತರ ಆಸುಪಾಸಿನ ರೈತರೊಬ್ಬರನ್ನು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮಲಗಿಸಿಕೊಂಡು ತಂದರು. ಬೆಳಿಗ್ಗೆ ಹೊಲದಲ್ಲಿ ಗೆಯ್ಮೆ ಮಾಡುತ್ತಿದ್ದ ಮನುಷ್ಯ ಸಂಜೆಯ ಹೊತ್ತಿಗೆ ಗುರುತು ಸಿಗದಂತಾಗಿದ್ದರು. ಕಣ್ಣು ಗುಳಿ ಬಿದ್ದಿತ್ತು, ಬೆರಳ ತುದಿಗಳು ಬಟ್ಟೆ ಒಗೆದವರ ಕೈಯಂತೆ ಸುಕ್ಕುಗಟ್ಟಿದ್ದವು, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ಹಾಗೆಯೇ ನಿಲ್ಲುತ್ತಿತ್ತು, ಮಣಿಕಟ್ಟಿನಲ್ಲಿ ನಾಡಿ ಕೈಗೆ ಸಿಗುತ್ತಿರಲಿಲ್ಲ. ಮೀನಖಂಡಗಳು ಸೆಟೆದು ನರಳುತ್ತಿದ್ದರೂ ಕೂಗಲು ದನಿಯಿರಲಿಲ್ಲ. ಜೊತೆಗೆ ಬಂದಿದ್ದ ಅವರ ತಾಯಿ ನನ್ನ ಕೈ ಹಿಡಿದುಕೊಂಡು, “ಅಕ್ಕಚ್ಚು ಸುರಿದಂಗೆ ಹೋಗ್ತೈತೆ ಡಾಕ್ಟ್ರವ್ವಾ” ಎಂದರು. ಜಗತ್ತಿನ ವೈದ್ಯಕೀಯ ಪುಸ್ತಕಗಳೆಲ್ಲ ಕಾಲರಾದ ಭೇದಿಯನ್ನು ಅಕ್ಕಿ ತೊಳೆದ ನೀರಿಗೆ ಹೋಲಿಸುತ್ತವೆ, ಆದರೆ ದಿನವೂ ಅಕ್ಕಚ್ಚನ್ನು ದನಕ್ಕೆ ಇಡುವ ಹೆಂಗಸೊಬ್ಬರು ಆ ಮಾತನ್ನು ಹೇಳಿದಾಗ ಹೋಲಿಕೆ ಎಷ್ಟು ನಿಖರವಾದದ್ದು ಎಂದು ಅರಿವಾಯಿತು. ಹಿರಿಯ ಸಿಸ್ಟರ್ ಎರಡೂ ಕೈಗೆ ಸೂಜಿ ಚುಚ್ಚಿ ಸಲೈನ್ ಬಾಟಲಿಗಳನ್ನು ಒಂದಾದ ಮೇಲೊಂದು ಓಡಿಸಿದರು. ನಡುರಾತ್ರಿಯ ಹೊತ್ತಿಗೆ ನಾಡಿ ಮರಳಿತು, ಬೆಳಿಗ್ಗೆ ಅವರು ಎದ್ದು ಕುಳಿತು ಗಂಜಿ ಕೇಳಿದರು.

ಆ ರಾತ್ರಿ ನನ್ನನ್ನು ಕಾಡಿದ ಪ್ರಶ್ನೆ ಸರಳವಾದದ್ದು. ಅಷ್ಟು ನೀರು ಎಲ್ಲಿಂದ ಬಂತು? ಕಾಲರಾ ಉಲ್ಬಣಿಸಿದವರ ದೇಹದಿಂದ ಗಂಟೆಗೆ ಒಂದು ಲೀಟರಿನಷ್ಟು ದ್ರವ ಹೊರಹೋಗಬಲ್ಲದು. ಆ ದ್ರವವೆಲ್ಲ ರಕ್ತದಿಂದಲೇ ಬರಬೇಕು, ರಕ್ತದಿಂದ ಕರುಳಿಗೆ ಅದನ್ನು ಯಾವುದೋ ಒಂದು ಶಕ್ತಿ ಎಳೆದು ಸುರಿಯುತ್ತಿರಬೇಕು. ಶಂಭುನಾಥ ಡೇ ಅವರ ವೃತ್ತಿಜೀವನದ ಅತ್ಯುತ್ತಮ ವರ್ಷಗಳು ಈ ಒಂದು ಪ್ರಶ್ನೆಗೆ ಸಂದವು.

ಡೇ ಹುಟ್ಟಿದ್ದು 1915ರ ಫೆಬ್ರವರಿ 1ರಂದು, ಬಂಗಾಳದ ಹೂಗ್ಲಿ ಜಿಲ್ಲೆಯ ಗರೀಬಾಟಿ ಎಂಬ ಹಳ್ಳಿಯಲ್ಲಿ. ತಂದೆ ಸಣ್ಣ ವ್ಯಾಪಾರಿ. ಹಳ್ಳಿಯ ಶಾಲೆಯಿಂದ ಹೂಗ್ಲಿ ಮೊಹಸಿನ್ ಕಾಲೇಜಿಗೆ, ಅಲ್ಲಿಂದ ಕಲ್ಕತ್ತಾ ಮೆಡಿಕಲ್ ಕಾಲೇಜಿಗೆ ವಿದ್ಯಾರ್ಥಿವೇತನದ ಆಸರೆಯಲ್ಲಿ ಏರಿದ ಹುಡುಗ 1939ರಲ್ಲಿ ವೈದ್ಯ ಪದವಿ ಪಡೆದರು, 1942ರಲ್ಲಿ ಉಷ್ಣವಲಯದ ರೋಗಗಳ ಡಿಪ್ಲೊಮಾ ಮುಗಿಸಿದರು. ಊರಿನಲ್ಲಿ ಬೋರ್ಡು ಹಾಕಿಕೊಂಡು ಪ್ರಾಕ್ಟೀಸ್ ಶುರು ಮಾಡಿದ್ದರೆ ಮನೆಯ ಕಷ್ಟ ಬೇಗ ತೀರುತ್ತಿತ್ತು. ಆದರೆ ಅವರು ಆರಿಸಿಕೊಂಡದ್ದು ಪೆಥಾಲಜಿ ವಿಭಾಗದ ಡೆಮಾನ್‌ಸ್ಟ್ರೇಟರ್ ಕೆಲಸವನ್ನು. ಈ ಹುದ್ದೆಯ ಸ್ವರೂಪ ಹೊರಗಿನವರಿಗೆ ಅಷ್ಟಾಗಿ ತಿಳಿಯದು. ವಿದ್ಯಾರ್ಥಿಗಳಿಗೆ ಸ್ಲೈಡ್ ತೋರಿಸುವುದು, ಜಾಡಿಗಳಲ್ಲಿಟ್ಟ ಅಂಗಗಳನ್ನು ವಿವರಿಸುವುದು, ಪೋಸ್ಟ್‌ಮಾರ್ಟಂ ಮಾಡುವುದು, ಪ್ರಾಕ್ಟಿಕಲ್ ರೆಕಾರ್ಡುಗಳಿಗೆ ಸಹಿ ಹಾಕುವುದು, ಇವೆಲ್ಲ ಮುಗಿದು ಉಳಿದ ಹೊತ್ತಿದ್ದರೆ ಸ್ವಂತ ಕೆಲಸ. ನಾನೂ ಅದೇ ಮೆಟ್ಟಿಲಿನಿಂದ ಆರಂಭಿಸಿದವಳಾದ್ದರಿಂದ ಆ ಉಳಿದ ಹೊತ್ತು ಎಷ್ಟು ಕಿರಿದು ಎಂಬುದನ್ನು ಬಲ್ಲೆ.

1947ರಲ್ಲಿ ಅವರು ಲಂಡನ್ನಿಗೆ ಹೋದರು. ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿ ರಾಯ್ ಕ್ಯಾಮರಾನ್ ಎಂಬ ದೊಡ್ಡ ರೋಗಶಾಸ್ತ್ರಜ್ಞರ ಬಳಿ ಕೆಲಸ ಮಾಡಿ 1949ರಲ್ಲಿ ಪಿಎಚ್‌ಡಿ ಪಡೆದರು. ಆಗ ಅವರ ಸಂಶೋಧನೆಯ ವಿಷಯ ಕಾಲರಾ ಆಗಿರಲಿಲ್ಲ. ನರಮಂಡಲಕ್ಕೆ ಆದ ಪೆಟ್ಟಿನಿಂದ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು ಹೇಗೆ ಎಂಬುದನ್ನು ಅವರು ಪ್ರಾಣಿಗಳಲ್ಲಿ ಅಧ್ಯಯನ ಮಾಡಿದ್ದರು. ನನಗೆ ಇದು ಕಾಲರಾಕ್ಕೆ ಸಂಬಂಧವಿಲ್ಲದ ವಿಷಯವೆಂದು ಅನ್ನಿಸುವುದಿಲ್ಲ. ಒಂದು ಅಂಗದಲ್ಲಿ ಇರಬಾರದ ಕಡೆ ದ್ರವ ಸೇರಿಕೊಂಡಿದೆ ಎಂದಾಗ, ಅದು ಯಾವ ಗೋಡೆಯನ್ನು ದಾಟಿ ಬಂತು, ಆ ಗೋಡೆಗೆ ಏನಾಯಿತು ಎಂದು ಕೇಳುವ ಅಭ್ಯಾಸ ಅವರಿಗೆ ಅಲ್ಲಿಯೇ ಕೈಗೂಡಿರಬೇಕು.

ಕಲ್ಕತ್ತಾಕ್ಕೆ ಮರಳಿ ನೀಲರತನ ಸರ್ಕಾರ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳತೊಡಗಿದ ಡೇ ಅವರ ಕಣ್ಣೆದುರಿಗೆ ಕಾಲರಾ ಇತ್ತು. ಆ ಊರಿನ ಆಸ್ಪತ್ರೆಗಳಲ್ಲಿ ಕಾಲರಾ ರೋಗಿಗಳಿಲ್ಲದ ಕಾಲವೇ ಇರಲಿಲ್ಲ. ಲೆನಾರ್ಡ್ ರಾಜರ್ಸ್ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿಯೇ ರಕ್ತನಾಳಕ್ಕೆ ಉಪ್ಪುನೀರು ಹರಿಸುವ ಚಿಕಿತ್ಸೆಯನ್ನು ಬಳಕೆಗೆ ತಂದು ಸಾವನ್ನು ಬಹಳ ಮಟ್ಟಿಗೆ ತಗ್ಗಿಸಿದ್ದರು. ಹೋದ ನೀರನ್ನು ತುಂಬಿಕೊಡಬೇಕೆಂಬುದು ಹೀಗೆ ವೈದ್ಯರಿಗೆ ಗೊತ್ತಿತ್ತು, ನೀರು ಏಕೆ ಹೋಗುತ್ತಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಡೇ ಮೊದಲು ಕಾಲರಾದಲ್ಲಿ ಮೂತ್ರಪಿಂಡಗಳಿಗೆ ಆಗುವ ಹಾನಿಯ ಕಡೆಗೂ ಗಮನ ಕೊಟ್ಟಿದ್ದರು, ಆ ಕುರಿತು ಪ್ರಬಂಧವನ್ನೂ ಬರೆದರು. ಆದರೆ ಅವರ ಮನಸ್ಸು ನೆಟ್ಟಿದ್ದು ಕರುಳಿನಲ್ಲಿ.

ಅಂದಿನ ತಿಳಿವಳಿಕೆ ಎಲ್ಲಿ ದಾರಿ ತಪ್ಪಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಡೇ ಅವರ ಹೆಜ್ಜೆಯ ಬೆಲೆ ಅದರಿಂದಲೇ ತಿಳಿಯುವುದು. ಕಾಕ್ ಅವರ ಶಿಷ್ಯ ಪೀಫರ್ ಅವರು 1892ರಲ್ಲಿ, ಕಾಲರಾದ ಬ್ಯಾಕ್ಟೀರಿಯಾ ಸತ್ತು ಒಡೆದಾಗ ಅದರ ಒಡಲಿನಿಂದ ಹೊರಬರುವ ವಿಷವೊಂದು ಗಿನಿಯಿಲಿಗಳನ್ನು ಕೊಲ್ಲುತ್ತದೆ ಎಂದು ತೋರಿಸಿದ್ದರು. ಅಲ್ಲಿಂದ ಮುಂದೆ ದಶಕಗಳ ಕಾಲ ಸಂಶೋಧಕರು ಬ್ಯಾಕ್ಟೀರಿಯಾವನ್ನು ಪ್ರಾಣಿಗಳ ರಕ್ತಕ್ಕೆ ಇಲ್ಲವೇ ಹೊಟ್ಟೆಯ ಪೊರೆಯೊಳಗೆ ಚುಚ್ಚುತ್ತ ಹೋದರು, ಪ್ರಾಣಿಗಳು ಸಾಯುತ್ತ ಹೋದವು. ಆದರೆ ಅವುಗಳಿಗೆ ಭೇದಿಯಾಗುತ್ತಿರಲಿಲ್ಲ. ಭೇದಿಯೇ ಇಲ್ಲದ ಸಾವನ್ನು ಕಾಲರಾ ಎಂದು ಕರೆಯುವುದು ಹೇಗೆ? ಇನ್ನೊಂದು ಕಡೆ ರೋಗಶಾಸ್ತ್ರಜ್ಞರು ಕಾಲರಾದಿಂದ ಸತ್ತವರ ಕರುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಒಳಪದರವೆಲ್ಲ ಕಿತ್ತು ಬಂದಿರುವುದನ್ನು ಕಂಡು, ಸಿಪ್ಪೆ ಸುಲಿದ ಗೋಡೆಯಿಂದ ನೀರು ಜಿನುಗುತ್ತದೆ ಎಂದು ತೀರ್ಮಾನಿಸಿದ್ದರು. ನಮ್ಮ ವಿಭಾಗದಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತಿರುವ ಸಂಗತಿಯೆಂದರೆ, ಸತ್ತ ಮೇಲೆ ಎಲ್ಲಕ್ಕಿಂತ ಮೊದಲು ಕೊಳೆಯತೊಡಗುವ ಅಂಗಗಳಲ್ಲಿ ಕರುಳೂ ಒಂದು, ಒಂದೆರಡು ಗಂಟೆ ತಡವಾದರೂ ಅದರ ಒಳಪದರ ತಾನಾಗಿಯೇ ಕಳಚಿಕೊಳ್ಳುತ್ತದೆ. ಅವರು ಕಂಡದ್ದು ಸಾವಿನ ನಂತರದ ಬದಲಾವಣೆಯನ್ನು. ಜೀವಂತ ರೋಗಿಗಳ ಕರುಳಿನ ತುಣುಕನ್ನು ತೆಗೆದು ನೋಡಿ, ಪದರ ಸುಸ್ಥಿತಿಯಲ್ಲೇ ಇದೆ ಎಂದು ಗ್ಯಾಂಗರೋಸಾ ಮತ್ತು ಸಂಗಡಿಗರು ಬ್ಯಾಂಕಾಕಿನಲ್ಲಿ ತೋರಿಸಿದ್ದು 1960ರಲ್ಲಿ.

ಡೇ ಮಾಡಿದ್ದು ಇಷ್ಟು. ಬ್ಯಾಕ್ಟೀರಿಯಾ ಇರುವುದು ಕರುಳಿನಲ್ಲಿ, ನೀರು ಬರುವುದೂ ಕರುಳಿನಲ್ಲಿ, ಆದ್ದರಿಂದ ಪ್ರಯೋಗವೂ ಕರುಳಿನಲ್ಲೇ ನಡೆಯಬೇಕು ಎಂದು ಅವರು ನಿರ್ಧರಿಸಿದರು. ಮೊಲಕ್ಕೆ ಅರಿವಳಿಕೆ ಕೊಟ್ಟು, ಹೊಟ್ಟೆ ತೆರೆದು, ಸಣ್ಣಕರುಳಿನ ಒಂದು ತುಂಡನ್ನು ಹೊರಗೆ ತೆಗೆದು, ರಕ್ತನಾಳಗಳಿಗೆ ಧಕ್ಕೆಯಾಗದಂತೆ ಕೆಲವು ಅಂಗುಲಗಳ ಅಂತರದಲ್ಲಿ ರೇಷ್ಮೆ ದಾರದಿಂದ ಎರಡು ಗಂಟು ಹಾಕಿದರು. ಎರಡು ಗಂಟುಗಳ ನಡುವಿನ ಭಾಗ ಮುಚ್ಚಿದ ಚೀಲದಂತಾಯಿತು. ಅದರೊಳಕ್ಕೆ ಸಣ್ಣ ಸೂಜಿಯಿಂದ ಕಾಲರಾ ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಬಿಟ್ಟು, ಕರುಳನ್ನು ಒಳಗಿಟ್ಟು ಹೊಟ್ಟೆಯನ್ನು ಹೊಲಿದರು. ಮರುದಿನ ತೆರೆದು ನೋಡಿದಾಗ ಆ ತುಂಡು ಅಕ್ಕಚ್ಚಿನಂತಹ ದ್ರವದಿಂದ ಬಿಗಿದುಕೊಂಡು ಊದಿತ್ತು, ಬ್ಯಾಕ್ಟೀರಿಯಾ ಇಲ್ಲದ ದ್ರವವನ್ನು ಹಾಕಿದ ತುಂಡು ಖಾಲಿಯಾಗಿ ಚಪ್ಪಟೆಯಾಗಿಯೇ ಉಳಿದಿತ್ತು. ಕಾಲರಾದ ಮುಖ್ಯ ಲಕ್ಷಣವನ್ನು ಪ್ರಯೋಗಶಾಲೆಯ ಸಾಧಾರಣ ಪ್ರಾಣಿಯೊಂದರಲ್ಲಿ, ಬೇಕೆಂದಾಗ, ಪಕ್ಕದಲ್ಲೇ ಹೋಲಿಕೆಯ ತುಂಡನ್ನಿಟ್ಟುಕೊಂಡು ನೋಡುವ ದಾರಿ ಹೀಗೆ ತೆರೆಯಿತು. ಡಿ. ಎನ್. ಚಟರ್ಜಿ ಅವರೊಡನೆ ಬರೆದ ಆ ಪ್ರಬಂಧ 1953ರಲ್ಲಿ ಪ್ರಕಟವಾಯಿತು, ಅದರ ಉದ್ದ ನಾಲ್ಕೇ ಪುಟ.

ಇದೇ ಉಪಾಯವನ್ನು ವಯೋಲ್ ಮತ್ತು ಕ್ರೆಂಡಿರೋಪೂಲೋ ಎಂಬಿಬ್ಬರು 1915ರಲ್ಲೇ ಮಾಡಿ ನೋಡಿದ್ದರು, ಅದನ್ನು ಯಾರೂ ಮುಂದುವರಿಸದೆ ಜಗತ್ತು ಮರೆತಿತ್ತು. ಮೊದಲು ಮಾಡಿದವರ ಹೆಸರನ್ನು ಹೇಳಲೇಬೇಕಾದದ್ದು ನ್ಯಾಯ. ಆದರೆ ಆ ಪ್ರಯೋಗದಿಂದ ಯಾವ ಪ್ರಶ್ನೆಯನ್ನು ಕೇಳಬೇಕು ಎಂಬುದನ್ನು ಕಂಡುಕೊಂಡವರು ಡೇ. ಊದಿದ ಕರುಳನ್ನು ಕಂಡ ಮೇಲೆ ಅವರು ಅಲ್ಲಿಗೆ ನಿಲ್ಲಲಿಲ್ಲ. ನೀರು ಸುರಿಸುತ್ತಿರುವುದು ಜೀವಂತ ಬ್ಯಾಕ್ಟೀರಿಯಾದ ಇರುವಿಕೆಯೇ ಅಥವಾ ಅದು ಹೊರಬಿಟ್ಟ ವಸ್ತುವೇ ಎಂಬುದು ಮುಂದಿನ ಪ್ರಶ್ನೆಯಾಯಿತು. 1955ರಲ್ಲಿ ಅವರು ತಾವು ಓದಿದ ಕಲ್ಕತ್ತಾ ಮೆಡಿಕಲ್ ಕಾಲೇಜಿಗೇ ಪೆಥಾಲಜಿ ಮತ್ತು ಬ್ಯಾಕ್ಟೀರಿಯಾಲಜಿ ವಿಭಾಗದ ಮುಖ್ಯಸ್ಥರಾಗಿ ಬಂದಿದ್ದರು. ವಿಭಾಗದ ಆಡಳಿತ, ಪಾಠ, ಪರೀಕ್ಷೆಗಳ ನಡುವೆಯೇ ಈ ಕೆಲಸ ಸಾಗಿತು. ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಸೋಸಿ, ಒಂದೂ ಜೀವಾಣು ಉಳಿಯದಂತೆ ಮಾಡಿ, ಆ ಸೋಸಿದ ತಿಳಿಯನ್ನು ಮಾತ್ರ ಮೊಲದ ಕರುಳಿನ ಕಟ್ಟಿದ ತುಂಡಿಗೆ ಹಾಕಿದಾಗಲೂ ಅದು ಊದಿಕೊಂಡಿತು. ವಿಷ ಬ್ಯಾಕ್ಟೀರಿಯಾದ ಒಡಲು ಒಡೆದು ಬರುವುದಲ್ಲ, ಬದುಕಿರುವಾಗಲೇ ಅದು ಹೊರಬಿಡುವಂಥದ್ದು. ರಕ್ತದಲ್ಲಿ ಸುತ್ತಾಡಿ ಕೆಲಸ ಮಾಡುವುದೂ ಅಲ್ಲ, ಕರುಳಿನ ಗೋಡೆಯ ಮೇಲೆಯೇ ನೇರವಾಗಿ ಕೆಲಸ ಮಾಡುವಂಥದ್ದು. 1959ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಬ್ಬರೇ ಲೇಖಕರ ಹೆಸರಿನಲ್ಲಿ ಬಂದ ಆ ಪುಟ್ಟ ಟಿಪ್ಪಣಿಯಿಂದ ಕಾಲರಾದ ಅಧ್ಯಯನ ಬೇರೆ ದಿಕ್ಕಿಗೆ ಹೊರಳಿತು. ಅದೇ ವರ್ಷ ಮುಂಬೈನ ಹಾಫ್‌ಕಿನ್ ಸಂಸ್ಥೆಯಲ್ಲಿ ಎನ್. ಕೆ. ದತ್ತ ಮತ್ತು ಸಂಗಡಿಗರು ಎಳೆಯ ಮೊಲಗಳಿಗೆ ಬ್ಯಾಕ್ಟೀರಿಯಾದ ಸಾರವನ್ನು ಕೊಟ್ಟು ಭೇದಿ ಬರಿಸಿದ್ದರು. ಈ ದೇಶದ ಎರಡು ಊರುಗಳಲ್ಲಿ, ಎರಡು ಬಗೆಯಲ್ಲಿ, ಒಂದೇ ಸತ್ಯದ ಹತ್ತಿರ ಬಂದದ್ದು ನನಗೆ ಈಗಲೂ ಹೆಮ್ಮೆಯ ಸಂಗತಿ.

ಇದರ ನಡುವೆ, 1956ರಲ್ಲಿ, ಡೇ ಇನ್ನೊಂದು ಕೆಲಸ ಮಾಡಿದ್ದರು. ನಮ್ಮೆಲ್ಲರ ಕರುಳಿನಲ್ಲಿರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳನ್ನು ಭೇದಿಯ ರೋಗಿಗಳಿಂದ ತೆಗೆದು ಅದೇ ಕಟ್ಟಿದ ತುಂಡಿಗೆ ಹಾಕಿದರೆ, ಅವೂ ಕಾಲರಾದಂತೆಯೇ ನೀರು ತುಂಬಿಸುತ್ತವೆ ಎಂದು ತೋರಿಸಿದರು. ಇಂದು ಮಕ್ಕಳ ಭೇದಿಗೆ, ಪ್ರವಾಸಿಗರ ಭೇದಿಗೆ ಮುಖ್ಯ ಕಾರಣಗಳಲ್ಲಿ ಒಂದೆಂದು ಎಲ್ಲ ಪುಸ್ತಕಗಳಲ್ಲಿರುವ ವಿಷಕಾರಿ ಇ. ಕೋಲೈಗಳ ಕಥೆ ಅಲ್ಲಿಂದ ಶುರುವಾಗುತ್ತದೆ. ಕಾಲರಾದ ಕೆಲಸ ಇಲ್ಲದೆ ಇದೊಂದೇ ಇದ್ದಿದ್ದರೂ ಅವರ ಹೆಸರು ಉಳಿಯಬೇಕಿತ್ತು.

ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸುವ ಕೆಲಸ ಅಮೆರಿಕದಲ್ಲಿ, ಫಿಂಕಲ್‌ಸ್ಟೈನ್ ಮತ್ತು ಲೊಸ್ಪಲೂಟೊ ಅವರ ಕೈಯಲ್ಲಿ, 1969ರಲ್ಲಿ ನಡೆಯಿತು. ಅದರ ನಂತರ ತಿಳಿದುಬಂದ ಸಂಗತಿಗಳು ನನ್ನ ಪಾಠದ ಅತ್ಯಂತ ಇಷ್ಟದ ಭಾಗ. ವಿಷದ ಕಣದಲ್ಲಿ ಎರಡು ಬಗೆಯ ಭಾಗಗಳಿವೆ. ಐದು ತುಣುಕುಗಳ ಒಂದು ಉಂಗುರ ಕರುಳಿನ ಜೀವಕೋಶಕ್ಕೆ ಅಂಟಿಕೊಳ್ಳುತ್ತದೆ, ಇನ್ನೊಂದು ತುಣುಕು ಒಳಹೊಕ್ಕು, ಜೀವಕೋಶದ ಒಂದು ಸ್ವಿಚ್ಚನ್ನು ಆನ್ ಆದ ಸ್ಥಿತಿಯಲ್ಲೇ ಸಿಕ್ಕಿಸಿಬಿಡುತ್ತದೆ. ಅದರಿಂದ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕದ ಪ್ರಮಾಣ ಏರುತ್ತ ಹೋಗಿ, ಜೀವಕೋಶ ಕ್ಲೋರೈಡನ್ನು ಕರುಳಿನೊಳಕ್ಕೆ ತಳ್ಳುತ್ತದೆ, ಅದರ ಬೆನ್ನಿಗೆ ಸೋಡಿಯಂ ಮತ್ತು ನೀರು ಹರಿಯುತ್ತವೆ. ಕೆರೆಯ ತೂಬನ್ನು ಎತ್ತಿದವರು ಅದನ್ನು ಇಳಿಸದೆ ಹೋದರೆ ಹೇಗೋ ಹಾಗೆ. ಕೆರೆಯ ಏರಿ ಒಡೆದಿಲ್ಲ, ಕಟ್ಟೆಯ ಕಲ್ಲು ಜರುಗಿಲ್ಲ, ತೂಬು ಮಾತ್ರ ತೆರೆದೇ ಇದೆ. ಕರುಳಿನ ಪದರ ಹಾಗೆಯೇ ಇರುವುದರಿಂದ, ಗ್ಲೂಕೋಸಿನ ಜೊತೆಯಲ್ಲಿ ಸೋಡಿಯಂ ಅನ್ನು ಒಳಕ್ಕೆಳೆಯುವ ಇನ್ನೊಂದು ದಾರಿ ಕಾಲರಾದಲ್ಲೂ ಕೆಡದೆ ಉಳಿದಿರುತ್ತದೆ. ಉಪ್ಪಿನ ಜೊತೆಗೆ ಸಕ್ಕರೆ ಬೆರೆಸಿದ ನೀರು ಬಾಯಿಂದ ಕುಡಿದರೂ ಮೈಗೆ ಹತ್ತುವುದು ಆ ದಾರಿಯಿಂದ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿ ಬಂದ ನಿರಾಶ್ರಿತರು ತುಂಬಿದ್ದ ಬೋನ್‌ಗಾಂವ್ ಶಿಬಿರದಲ್ಲಿ ಸಲೈನ್ ಮುಗಿದುಹೋದಾಗ, ವೈದ್ಯ ದಿಲೀಪ್ ಮಹಲಾನಬಿಸ್ ಅವರು ಡ್ರಮ್ಮುಗಳಲ್ಲಿ ಈ ದ್ರಾವಣವನ್ನು ತುಂಬಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿ, ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವನ್ನು ಶೇಕಡಾ 4ಕ್ಕಿಂತ ಕೆಳಗಿಳಿಸಿದರು. ಓಆರ್‌ಎಸ್ ಎಂದು ಕರೆಯುವ ಈ ದ್ರಾವಣ ಡೇ ಅವರ ಆವಿಷ್ಕಾರವಲ್ಲ, ಹಾಗೆಂದು ನಾನು ಹೇಳುತ್ತಲೂ ಇಲ್ಲ. ಆದರೆ ಅದು ಏಕೆ ಕೆಲಸ ಮಾಡುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ವಿವರಿಸಲು ಕುಳಿತರೆ, ರೋಗ ನಡೆಯುವುದು ರಕ್ತದಲ್ಲಲ್ಲ, ಕರುಳಿನ ಗೋಡೆಯಲ್ಲಿ ಎಂಬ ಅವರ ಮಾತಿನಿಂದಲೇ ಶುರು ಮಾಡಬೇಕಾಗುತ್ತದೆ.

ಈಗ ನೋವಿನ ಭಾಗಕ್ಕೆ ಬರುತ್ತೇನೆ. 1961ರಲ್ಲಿ ಡೇ ಅವರು ಕಾಲರಾದ ರೋಗಶಾಸ್ತ್ರವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಅದಾದ ಮೇಲೆ ಅವರ ಕೆಲಸ ಕ್ರಮೇಣ ಕುಗ್ಗಿತು. ವಿಷವನ್ನು ಶುದ್ಧೀಕರಿಸಲು ಬೇಕಾದ ಸಲಕರಣೆ, ಶೀತಲ ಕೊಠಡಿ, ಜೀವರಸಾಯನ ಬಲ್ಲ ಸಹಾಯಕರು, ಇವೆಲ್ಲ ಪಾಠ ಹೇಳುವ ಕಾಲೇಜೊಂದರ ವಿಭಾಗದಲ್ಲಿ ಸುಲಭವಾಗಿ ಸಿಗುವಂಥವಲ್ಲ. ಇದನ್ನು ನಾನು ಕೇಳಿ ಹೇಳುತ್ತಿಲ್ಲ. ನಾನು ಕೆಲಸ ಮಾಡಿದ ಕಾಲೇಜೊಂದರಲ್ಲಿ ಕೆಟ್ಟುಹೋದ ಸೆಂಟ್ರಿಫ್ಯೂಜ್ ದುರಸ್ತಿಗಾಗಿ ಎರಡು ವರ್ಷ ಕಡತದಲ್ಲೇ ಓಡಾಡಿತು. ಅಷ್ಟು ಹೊತ್ತಿಗೆ ನಾನು ಕೈಗೆತ್ತಿಕೊಂಡಿದ್ದ ಸಣ್ಣ ಅಧ್ಯಯನದ ಮಾದರಿಗಳು ಕೆಟ್ಟಿದ್ದವು, ನನ್ನ ಉತ್ಸಾಹವೂ ಇಳಿದಿತ್ತು. ಆ ಅಧ್ಯಯನ ಪೂರ್ತಿಯಾಗಿದ್ದರೆ ಜಗತ್ತಿಗೆ ಏನೂ ದೊಡ್ಡ ಲಾಭವಾಗುತ್ತಿರಲಿಲ್ಲ, ಆದರೆ ಡೇ ಅವರಂಥವರ ಕೈಯಿಂದ ಅಂಥ ಎರಡು ವರ್ಷ ಜಾರಿದರೆ ಆಗುವ ನಷ್ಟ ಎಷ್ಟೆಂದು ನಾನು ಬಲ್ಲೆ.

1973ರಲ್ಲಿ ಅವರು ನಿವೃತ್ತರಾದರು. ಅಷ್ಟು ಹೊತ್ತಿಗೆ ಹೊರದೇಶಗಳ ಕಾಲರಾ ಪ್ರಯೋಗಶಾಲೆಗಳಲ್ಲೆಲ್ಲ ಮೊಲದ ಕರುಳಿನ ತುಂಡನ್ನು ಕಟ್ಟುವುದು ದಿನನಿತ್ಯದ ಪರೀಕ್ಷೆಯಾಗಿತ್ತು. ಆದರೂ ಭಾರತದಲ್ಲಿ ಅವರಿಗೆ ದೊಡ್ಡ ಪ್ರಶಸ್ತಿಯೊಂದೂ ಬರಲಿಲ್ಲ, ನಮ್ಮ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಆಗಿ ಆರಿಸಲಿಲ್ಲ. ನೊಬೆಲ್ ಪುರಸ್ಕೃತ ಜೋಷುವಾ ಲೆಡರ್‌ಬರ್ಗ್ ಅವರು ಡೇ ಅವರ ಹೆಸರನ್ನು ನೊಬೆಲ್ ಬಹುಮಾನಕ್ಕೆ ಒಂದಕ್ಕಿಂತ ಹೆಚ್ಚು ಸಲ ಸೂಚಿಸಿದ್ದರು. 1978ರಲ್ಲಿ ಕಾಲರಾ ಮತ್ತು ಸಂಬಂಧಿಸಿದ ಭೇದಿರೋಗಗಳನ್ನು ಕುರಿತು ಸ್ಟಾಕ್‌ಹೋಮಿನಲ್ಲಿ ನಡೆದ ನೊಬೆಲ್ ವಿಚಾರಸಂಕಿರಣಕ್ಕೆ ಅವರನ್ನು ಕರೆಸಿಕೊಂಡರು. 1960ರ ದಶಕದ ಆರಂಭದಿಂದ ತಾನು ಸತ್ತಂತಿದ್ದೆ, ಈ ಸಮಿತಿ ತನ್ನನ್ನು ಗೋರಿಯಿಂದ ಹೊರತೆಗೆದಿದೆ, ನಿಮ್ಮೊಂದಿಗೆ ಕಳೆದ ಈ ಎರಡು ದಿನಗಳಲ್ಲಿ ಮತ್ತೆ ಜೀವ ಬರುತ್ತಿರುವಂತೆ ಅನ್ನಿಸುತ್ತಿದೆ ಎಂಬರ್ಥದ ಮಾತನ್ನು ಅವರು ಅಲ್ಲಿ ಆಡಿದರು. ಇದನ್ನು ಮೊದಲ ಸಲ ಓದಿದಾಗ ನನಗೆ ಮುಂದಿನ ಪುಟ ತಿರುವಲು ಸ್ವಲ್ಪ ಹೊತ್ತು ಬೇಕಾಯಿತು. ಅರವತ್ಮೂರು ವರ್ಷದ ಮೇಷ್ಟ್ರೊಬ್ಬರು, ಜೀವನವಿಡೀ ಪಾಠ ಹೇಳಿದವರು, ತಮ್ಮ ಕೆಲಸವನ್ನು ಬಲ್ಲವರ ನಡುವೆ ಎರಡು ದಿನ ಕುಳಿತಾಗ ಆಡಿದ ಮಾತು ಅದು.

1985ರ ಏಪ್ರಿಲ್ 15ರಂದು ಅವರು ತೀರಿಕೊಂಡರು. ಮರುವರ್ಷ ಅಮೆರಿಕದ ಮಾಹಿತಿ ವಿಜ್ಞಾನಿ ಯೂಜೀನ್ ಗಾರ್ಫೀಲ್ಡ್ ಅವರು, ಜಗತ್ತಿನ ಕಾಲರಾ ಸಂಶೋಧನೆಯಲ್ಲಿ ಯಾರು ಯಾರ ಪ್ರಬಂಧವನ್ನು ಆಧಾರವಾಗಿ ಹೇಳಿದ್ದಾರೆ ಎಂಬ ಎಳೆ ಹಿಡಿದು ಹೊರಟು, ಡೇ ಅವರ ಪ್ರಭಾವ ಎಷ್ಟು ದೂರ ಹರಡಿದೆ ಎಂಬುದನ್ನು ಬರೆದು ತೋರಿಸಿದರು. ಅದಾದ ಮೇಲೆ ಬಂದದ್ದು, ಎಸ್. ರಾಮಶೇಷನ್ ಅವರ ಸಂಪಾದಕತ್ವದಲ್ಲಿ ಬೆಂಗಳೂರಿನಿಂದ ಹೊರಟ ಆ ವಿಶೇಷ ಸಂಚಿಕೆ. ಬಂಗಾಳದ ವೈದ್ಯರೊಬ್ಬರಿಗೆ ಆದ ಅನ್ಯಾಯವನ್ನು ಎತ್ತಿ ಹೇಳುವ ಜವಾಬ್ದಾರಿಯನ್ನು ನಮ್ಮ ಊರಿನ ಪತ್ರಿಕೆ ಹೊತ್ತುಕೊಂಡಿತಲ್ಲ ಎಂದು ನನಗೆ ಸಮಾಧಾನ. ಬದುಕಿದ್ದಾಗ ಅದನ್ನು ಅವರ ಕೈಗಿಡಲು ಆಗಲಿಲ್ಲವಲ್ಲ ಎಂದು ಅಷ್ಟೇ ದುಃಖ.

ಡೇ ಅವರನ್ನು ಕುರಿತು ಬರೆದವರಲ್ಲಿ ಹೆಚ್ಚಿನವರು ಅವರನ್ನು ವಿಜ್ಞಾನಿ ಎಂದೇ ಕರೆಯುತ್ತಾರೆ, ಅವರು ಪಾಠ ಹೇಳುತ್ತಿದ್ದರು ಎಂಬುದನ್ನು ಅವರ ದಾರಿಗೆ ಬಂದ ಅಡ್ಡಿಯೆಂಬಂತೆ ಕಾಣುತ್ತಾರೆ. ಇದನ್ನು ನಾನು ಒಪ್ಪಲಾರೆ. ಸಲಕರಣೆಯ ಕೊರತೆ ಅಡ್ಡಿಯಾಗಿದ್ದು ನಿಜ, ಪಾಠ ಅಡ್ಡಿಯಾಗಿರಲಿಲ್ಲ. ಪೆಥಾಲಜಿ ಕಲಿಸುವವರು ವಿದ್ಯಾರ್ಥಿಯ ಕೈಗೆ ಒಂದು ಅಂಗವನ್ನು ಕೊಟ್ಟು ಕೇಳುವ ಮೊದಲ ಪ್ರಶ್ನೆ, ರೋಗ ಎಲ್ಲಿದೆ ಎಂಬುದು. ಹೆಸರು ಆಮೇಲೆ, ಕಾರಣ ಆಮೇಲೆ. ವರ್ಷಕ್ಕೆ ನೂರಾರು ಮಕ್ಕಳಿಗೆ ಆ ಪ್ರಶ್ನೆ ಕೇಳುತ್ತಿದ್ದ ಮನುಷ್ಯನೇ ಅದನ್ನು ಕಾಲರಾಕ್ಕೂ ಕೇಳಿದ್ದು. ದೊಡ್ಡ ದೊಡ್ಡ ಪ್ರಯೋಗಶಾಲೆಗಳು ಬ್ಯಾಕ್ಟೀರಿಯಾ ಯಾವುದು, ವಿಷದ ಪ್ರಮಾಣ ಎಷ್ಟು, ಗಿನಿಯಿಲಿ ಎಷ್ಟು ಗಂಟೆಗೆ ಸತ್ತಿತು ಎಂದು ಕೇಳುತ್ತಿದ್ದಾಗ ಅವರು ಎಲ್ಲಿ ಎಂದು ಕೇಳಿದರು.

ತಪ್ಪು ಉತ್ತರ ಕೊಟ್ಟ ಆ ವರ್ಷದಿಂದ ಈಚೆಗೆ, ಕಾಲರಾ ಪಾಠದ ದಿನ ನಾನು ಕಪ್ಪುಹಲಗೆಯ ಮೇಲೆ ಮೊದಲು ಮೊಲದ ಕರುಳನ್ನು ಬರೆಯುತ್ತೇನೆ, ಊದಿದ ತುಂಡು ಒಂದು, ಚಪ್ಪಟೆಯಾದದ್ದು ಒಂದು. ಕಳೆದ ವರ್ಷ ಮುಂದಿನ ಬೆಂಚಿನಲ್ಲಿದ್ದ, ಅಷ್ಟೇನೂ ಮಾತಾಡದ ಹುಡುಗಿಯೊಬ್ಬಳು ಪಾಠ ಮುಗಿದ ಮೇಲೆ ಬಂದು, “ಮೇಡಂ, ಎರಡು ಗಂಟು ಯಾಕೆ ಬೇಕು? ಮೊಲಕ್ಕೆ ಬಾಯಿಂದಲೇ ಬ್ಯಾಕ್ಟೀರಿಯಾ ಕುಡಿಸಿದ್ದರೆ ಆಗುತ್ತಿರಲಿಲ್ಲವೇ?” ಎಂದು ಕೇಳಿದಳು. ಬೆಳೆದ ಮೊಲದ ಕರುಳು ತನ್ನ ಚಲನೆಯಿಂದ ಬ್ಯಾಕ್ಟೀರಿಯಾವನ್ನು ನಿಲ್ಲಗೊಡದೆ ಕೆಳಕ್ಕೆ ಗುಡಿಸಿಬಿಡುತ್ತದೆ, ಸ್ವಲ್ಪ ನೀರು ಒಸರಿದರೂ ಮುಂದಿರುವ ಅದರ ದೊಡ್ಡ ಅಂಧಾಂತ್ರ, ಅಂದರೆ ದೊಡ್ಡಕರುಳಿನ ಆರಂಭದ ಚೀಲ, ಅದನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ನೋಡುವವರ ಕಣ್ಣಿಗೆ ಏನೂ ಆಗಿಲ್ಲವೆಂದೇ ಕಾಣುತ್ತದೆ ಎಂದು ವಿವರಿಸಿದೆ. ಮೇಲಿನ ಗಂಟು ಇದ್ದು ಕೆಳಗಿನದು ಇಲ್ಲದಿದ್ದರೂ ಅದೇ ಕಥೆ ಎಂದೆ. ಅವಳು ಸ್ವಲ್ಪ ಹೊತ್ತು ಹಲಗೆಯನ್ನೇ ನೋಡುತ್ತ ನಿಂತು, ಬೆಂಚಿಗೆ ಮರಳಿ ನೋಟ್‌ಪುಸ್ತಕ ತೆರೆದು, ಮೊದಲು ಬರೆದುಕೊಂಡಿದ್ದ ಚಿತ್ರದಲ್ಲಿ ಬಿಟ್ಟುಹೋಗಿದ್ದ ಕೆಳಗಿನ ಗಂಟನ್ನು ಪೆನ್ಸಿಲಿನಿಂದ ಹಾಕಿದಳು.